ಒಡೆದ ಹಡಗಿಗೆ ಹಚ್ಚಿದ ದೀಪ

ಎಂಬತ್ತರ ದಶಕದ ಮೊದಲ ವರ್ಷಗಳು. ಜಯನಗರದ ನಮ್ಮ ಮನೆಯಲ್ಲಿ ಅಮ್ಮ ರೇಡಿಯೋ ವಾರ್ತೆ ಕೇಳುತ್ತಿದ್ದದ್ದು ಕೊನೆಯಲ್ಲಿ ಬರುವ ಹವಾಮಾನಕ್ಕಾಗಿ. ನನ್ನ ತಮ್ಮ ಸರಕು ಹಡಗಿನಲ್ಲಿ ಕೆಲಸಕ್ಕಿದ್ದ. ಅವನ ಕಾಗದ ಬಂದು ಮೂರು ವರ್ಷವಾಗಿತ್ತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದರೆ ಸಾಕು, ಅಮ್ಮ ಒಲೆ ಸಣ್ಣ ಮಾಡಿ ಎದ್ದು ದೇವರ ಮುಂದೆ ತುಪ್ಪದ ದೀಪ ಹಚ್ಚುವರು. ಗಾಳಿ ಕಳೆಯಿತೆಂದು ರೇಡಿಯೋ ಹೇಳುವವರೆಗೆ ಒಪ್ಪತ್ತು ಊಟ. ಅವನಿರುವುದು ಯಾವ ಸಮುದ್ರವೋ ಎಂದು ನಾನಂದರೆ, "ನೀರೆಲ್ಲ ಒಂದೇ ಕಣೆ" ಅನ್ನುವರು.

ಒಮ್ಮೆ ಮಂಗಳೂರಿಗೆ ನೆಂಟರ ಮದುವೆಗೆ ಹೋಗಿದ್ದಾಗ, ಮಾರನೆಯ ದಿನ ನಾವಿಬ್ಬರೇ ಬಸ್ಸು ಹಿಡಿದು ಹತ್ತಿರದ ಒಂದು ಹಳೇ ಬಂದರಿಗೆ ಹೋದೆವು. ತನ್ನ ಹಡಗು ಅಲ್ಲಿಗೂ ಬರುತ್ತದೆಂದು ತಮ್ಮ ಹಿಂದೆ ಬರೆದಿದ್ದ. ಹಡಗಿನ ಚಿತ್ರವೂ ಹೆಸರೂ ಇದ್ದ ಅವನ ಕಾರ್ಡು, ಅವನಿಗೆಂದು ಕುಟ್ಟಿದ ಚಟ್ನಿಪುಡಿಯ ಡಬ್ಬಿ, ಎರಡೂ ಅಮ್ಮನ ಚೀಲದಲ್ಲಿದ್ದವು. ಬಂದರು ಎಂದರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನ ಹಾಗೆ, ಒಂದು ಕಿಟಕಿಯಲ್ಲಿ ವಿಚಾರಿಸಿದರೆ ಹೇಳುತ್ತಾರೆ ಎಂದುಕೊಂಡಿದ್ದೆವು. ಗೇಟಿನವನ ಮುಂದೆ ಕಾರ್ಡು ಹಿಡಿದು ಅಮ್ಮ, ಈ ಹಡಗು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದರು. ಅವನು ನಗದೆ, ಅಲ್ಲಿ ಕೇಳಿ ಎಂದು ಎದುರಿನ ಹೆಂಚಿನ ಕಟ್ಟಡ ತೋರಿಸಿದ. ಅದು ಹಡಗುಗಳ ಮ್ಯೂಸಿಯಂ.

ಒಳಗೆ ಗಾಜಿನ ಪೆಟ್ಟಿಗೆಗಳಲ್ಲಿ ಮರದ ಪುಟ್ಟ ಹಡಗುಗಳು, ತುಕ್ಕು ಹಿಡಿದ ಲಂಗರು, ಫಿನಾಯಿಲ್ ವಾಸನೆ. ಬಂದರಿನಲ್ಲೇ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ಕಾವಲಿಗಿದ್ದರು. ಅವರು ಕಾರ್ಡು ನೋಡಿದವರೇ ನಮ್ಮನ್ನು ಮೂಲೆಗೆ ಕರೆದೊಯ್ದು ಒಂದು ಹಿತ್ತಾಳೆ ಗಂಟೆ ತೋರಿಸಿದರು. ಅದರ ಮೇಲೆ ತಮ್ಮನ ಹಡಗಿನ ಹೆಸರು ಕೆತ್ತಿತ್ತು.

"ಮುಳುಗಿಹೋಯ್ತಾ?" ಎಂದರು ಅಮ್ಮ.

"ಇಲ್ಲ ಮಾರಾಯ್ರೆ. ಹಳತಾಯ್ತು ಅಂತ ಗುಜರಿಗೆ ಹಾಕಿ ಒಡೆದದ್ದು, ಎರಡು ವರ್ಷ ಆಯ್ತು. ಜನ ಎಲ್ಲ ಸುಖವಾಗಿ ಅವರವರ ಮನೆಗೆ ಹೋದ್ರು."

ಒಳ್ಳೆಯ ಸುದ್ದಿಯೆಂದೇ ಅವರು ಹೇಳಿದ್ದು. ಬೇಕಾದರೆ ಗಂಟೆ ಬಾರಿಸಿ ನೋಡಿ ಎಂದೂ ಅಂದರು. ಅಮ್ಮ ಮುಟ್ಟಲಿಲ್ಲ.

ಸಂಜೆಗೆ ಇನ್ನೂ ಹೊತ್ತಿತ್ತು. ಆದರೂ ಸಮುದ್ರ ನೋಡದೆ ಬಸ್ಸು ಹತ್ತಿದೆವು. ಊರು ದಾಟಿದ ಮೇಲೆ ಅಮ್ಮ ಕಿಟಕಿಯ ಕಡೆ ತಿರುಗಿಕೊಂಡೇ, "ಎರಡು ವರ್ಷದಿಂದ ನೆಲದ ಮೇಲೇ ಇದಾನೆ" ಎಂದರು. ಕಾಗದ ಕಳೆದಿರಬಹುದು, ಬೇರೆ ಹಡಗು ಹತ್ತಿರಬಹುದು ಎಂದು ನಾನು ಏನೇನೋ ಹೇಳಿದೆ. ಚಟ್ನಿಪುಡಿ ನಮ್ಮೊಂದಿಗೇ ವಾಪಸು ಬಂತು. ಆ ತಿಂಗಳು ದೋಸೆಗೆ ಅದನ್ನೇ ಬಳಸಿದೆವು.

ದೀಪಾವಳಿಯ ಸುಮಾರಿಗೆ ರೇಡಿಯೋದಲ್ಲಿ ಮತ್ತೆ ವಾಯುಭಾರ ಕುಸಿತ. ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ನಾನು ಅವರ ಮುಖ ನೋಡಿದೆ. ಅವರು ಒಂದು ಕಲ್ಲು ತೆಗೆದು ಹೊರಗೆಸೆದು, "ರೇಡಿಯೋ ಆರಿಸು" ಎಂದರು.