ಬಂಡೆಯ ಅಂಚಿನಲ್ಲಿ ಅಕ್ಕೋರು

ಅಕ್ಕೋರ ಎಡಗಾಲು ಬಲಗಾಲಿಗಿಂತ ತುಸು ಮೋಟು. ನಡೆಯುವಾಗ ನೀಲಿ ಸೀರೆಯ ನೆರಿಗೆ ಒಂದೇ ಕಡೆ ತೂಗುತ್ತಿತ್ತು, ಕೊರಳಿನ ಸೀಟಿಯೂ ಅದೇ ಕಡೆ ಜಾರುತ್ತಿತ್ತು. ಯಾವಳೋ ಹುಡುಗಿ ಕಟ್ಟಿದ ಹಗ್ಗದ ಗಂಟು ಬಿಚ್ಚಿಕೊಂಡು ಬಂಡೆಯಿಂದ ಬಿದ್ದಿದ್ದರಂತೆ. ಮುನವಳ್ಳಿಯ ನಮ್ಮ ಶಾಲೆಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಆ ಹುಡುಗಿ ಯಾರೆಂದು ಕೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಅಕ್ಕೋರು ನಮ್ಮ ಟೀಚರು, ಶಾಲೆಯ ಸ್ಕೌಟ್ಸ್-ಗೈಡ್ಸ್ ದಳದಲ್ಲಿ ಹುಡುಗಿಯರ ಗೈಡ್ ಕ್ಯಾಪ್ಟನ್. ನಾನೋ ಹುಟ್ಟಾ ಪುಕ್ಕಲಿ, ಸಮವಸ್ತ್ರದ ಆಸೆಗೆ ಸೇರಿದವಳು. ಅಲ್ಲಿ ಒಂದೊಂದೇ ಮೆಟ್ಟಿಲು ಹತ್ತಬೇಕು: ಪ್ರವೇಶ, ಆಮೇಲೆ ಪ್ರಥಮ, ದ್ವಿತೀಯ, ತೃತೀಯ ಸೋಪಾನ, ಅದರ ಮೇಲೆ ರಾಜ್ಯ ಪುರಸ್ಕಾರ. ಒಂದನ್ನು ಮುಗಿಸದೆ ಮುಂದಿನದಕ್ಕೆ ಕಾಲಿಡುವಂತಿಲ್ಲ, ನಡುವೆ ತಿಂಗಳುಗಟ್ಟಲೆ ಕಾಯಬೇಕು. ಹತ್ತನೇ ತರಗತಿಯೊಳಗೆ ಪುರಸ್ಕಾರ ಸಿಕ್ಕರೆ ಕಾಲೇಜಿನ ಸೀಟಿಗೆ ಅನುಕೂಲವೆಂದು ಅಪ್ಪ ಯಾರಿಂದಲೋ ಕೇಳಿ ಬಂದಿದ್ದ. ಅಂದಿನಿಂದ ಮನೆಯಲ್ಲಿ ನನ್ನ ಊಟದ ಬದಲು ಸೋಪಾನದ ವಿಚಾರಣೆ ಶುರುವಾಯಿತು.

ಪುಸ್ತಕದ ಪ್ರಕಾರ ಗಂಟು ಕಟ್ಟಿ ತೋರಿಸಿದರೆ ಸಾಕು. ಅಕ್ಕೋರಿಗೆ ಅದು ಸಾಲದು. ಊರಾಚೆಯ ಗುಡ್ಡದಲ್ಲಿ ಎರಡಾಳೆತ್ತರದ ಬಂಡೆಯೊಂದಿತ್ತು. ಹಗ್ಗದ ಒಂದು ತುದಿಯನ್ನು ತಾವೇ ಬೇವಿನ ಮರಕ್ಕೆ ಬಿಗಿಯುತ್ತಿದ್ದರು. ಇನ್ನೊಂದನ್ನು ನಾವು ಬೋಲೈನ್ ಗಂಟು ಹಾಕಿ ಅವರ ಸೊಂಟಕ್ಕೆ ಕಟ್ಟಬೇಕು. ಬಾವಿಗೆ ಬಿದ್ದವರನ್ನು ಮೇಲೆತ್ತುವ ಗಂಟು ಅದು; ಸರಿಯಾಗಿ ಕಟ್ಟಿದ್ದರೆ ಜಾರುವುದಿಲ್ಲ. ಆಮೇಲೆ ಅವರು ಅಂಚಿಗೆ ಹೋಗಿ, ಪ್ರಪಾತಕ್ಕೆ ಬೆನ್ನು ಮಾಡಿ ಕೇಳುತ್ತಿದ್ದರು, “ಒರಗ್ಲೇನು?” ಕಟ್ಟಿದವಳು “ಒರಗ್ರಿ” ಎಂದರೆ ಮೈಯನ್ನೆಲ್ಲ ಹಿಂದಕ್ಕೆ ಚೆಲ್ಲುತ್ತಿದ್ದರು. ಹಗ್ಗ ತಡೆದರೆ ಪಾಸು.

ತೃತೀಯ ಸೋಪಾನದ ದಿನ ಅಪ್ಪ ಪೇಢೆಯ ಡಬ್ಬಿ ಹಿಡಿದುಕೊಂಡೇ ಬಂದಿದ್ದ. ನಾನು ಗಂಟು ಕಟ್ಟಿದೆ. ಅಂಗೈ ಬೆವರಿ ಹಗ್ಗ ಒದ್ದೆಯಾಗಿತ್ತು. ಅಕ್ಕೋರು ಅಂಚಿನಲ್ಲಿ ನಿಂತ ಮೇಲೆ ನೋಡುತ್ತೇನೆ, ಉಳಿದ ತುದಿ ಯಾಕೋ ಗಿಡ್ಡ ಎನಿಸಿತು. ಒಳಗಿನಿಂದ ಬರಬೇಕಾದ ಎಳೆ ಹೊರಗಿನಿಂದ ಬಂದಿತ್ತೇ? ನೆನಪಾಗಲಿಲ್ಲ.

“ಒರಗ್ಲೇನು?”

ನಾನು ಗಂಟನ್ನೇ ದಿಟ್ಟಿಸುತ್ತಿದ್ದೆ.

“ಲಗೂನ ಹೇಳವಾ, ಬಿಸಲು ಭಾಳ ಐತಿ.”

“ಹೂಂ ಅನ್ನ! ಅನ್ನವಾ!” ಎಂದು ಅಪ್ಪ ಹಿಂದಿನಿಂದ ಕೂಗಿದ.

“ಬ್ಯಾಡ್ರೀ ಅಕ್ಕೋರ!” ನಾನು ಕಿರುಚಿದ್ದಕ್ಕೆ ಕೆಳಗೆ ಮೇಯುತ್ತಿದ್ದ ಆಡುಗಳು ಚೆದುರಿ ಓಡಿದವು.

ಅವರು ಈಚೆ ಬಂದು, ಗಂಟಿನತ್ತ ನೋಡದೆಯೇ ಅದನ್ನು ಬಿಚ್ಚಿ ಹಾಕಿದರು.

“ಸರಿ ಇತ್ತೇನ್ರಿ?”

“ನಂಗೇನ ಗೊತ್ತು? ಕಟ್ಟಿದಾಕಿ ನೀನು.”

ಸೋಪಾನ ಕೊಡಲಿಲ್ಲ. ಅಪ್ಪ ಹಾರಾಡಿದ. ಅಕ್ಕೋರು ಶಾಂತವಾಗಿ ಹೇಳಿದರು, “ನನ್ನ ಕಾಲು ಮುರಿದಾಕಿ ಅನುಮಾನ ಇದ್ರೂ ಸುಮ್ಮನಿದ್ದಳ್ರಿ. ನಿಮ್ಮ ಮಗಳು ಬಾಯಿ ಬಿಟ್ಲು, ಛಲೋ ಆತು. ಆದ್ರ ಬರೇ ಅಂಜಿಕಿಗೆ ಸೋಪಾನ ಕೊಡಾಕ ಬರೂದಿಲ್ಲ.” ಪೇಢೆಯನ್ನು ದಾರಿಯುದ್ದಕ್ಕೂ ಅಪ್ಪನೊಬ್ಬನೇ ಸಿಟ್ಟಿನಿಂದ ತಿಂದ.

ಅಂದಿನಿಂದ ಕಿಟಕಿಯ ಸರಳು, ಬೀಸುವ ಕಲ್ಲು, ತಮ್ಮನ ಸೊಂಟ, ಯಾವುದನ್ನೂ ಬಿಡದೆ ಬೋಲೈನ್ ಕಟ್ಟಿ ಅಭ್ಯಾಸ ಮಾಡಿದೆ. ಮರುವರ್ಷ ಕಣ್ಣು ಮುಚ್ಚಿಕೊಂಡು “ಒರಗ್ರಿ” ಎಂದೆ. ಹಗ್ಗ ಕಿರುಗುಟ್ಟಿತು, ತಡೆಯಿತು. ಸೋಪಾನವೇನೋ ಸಿಕ್ಕಿತು, ಆದರೆ ರಾಜ್ಯ ಪುರಸ್ಕಾರದ ಹೊತ್ತು ಮೀರಿ ಹೋಗಿತ್ತು. ಆ ಹೊಟ್ಟೆಯುರಿ ನನಗೆ ಬಹಳ ವರ್ಷ ಇತ್ತು.

ಹೋದ ವರ್ಷ ಅಕ್ಕೋರು ಬೆಳಗಾವಿಯ ಆಸ್ಪತ್ರೆಯಲ್ಲಿದ್ದಾಗ ನೋಡಲು ಹೋಗಿದ್ದೆ. ಎಂದೋ ಕೇಳಬೇಕಿದ್ದದ್ದನ್ನು ಆಗ ಕೇಳಿದೆ, “ಒಮ್ಮೆ ಬಿದ್ದ ಮ್ಯಾಲೂ ಹೆಂಗ ಒರಗತಿದ್ರಿ? ಅಂಜಿಕಿ ಬರತಿದ್ದಿಲ್ಲೇನ್ರಿ?”

“ಪ್ರತಿ ಸಲ ಕಾಲು ನಡಗತಿದ್ದುವು. ಸೀರ್ಯಾಗ ನಿಮಗ ಕಾಣತಿದ್ದಿಲ್ಲ, ಅಷ್ಟ.” ನಕ್ಕರು. ಕೆಮ್ಮು ಬಂತು. “ಗಂಟು ನೋಡತಿದ್ದಿಲ್ಲ ನಾ. ನೋಡಿದ್ರ ಒರಗಾಕ ಆಗತಿದ್ದಿಲ್ಲ. ಕಟ್ಟಿದಾಕಿ ಮಾರಿ, ಕಣ್ಣು ನೋಡತಿದ್ದೆ.”

ಅಲ್ಲಿಂದ ಅವರು ಮನೆಗೆ ಮರಳಲಿಲ್ಲ.

ಈಗ ನೇಸರಗಿಯ ಶಾಲೆಯೊಂದರಲ್ಲಿ ನಾನೇ ಗೈಡ್ ಕ್ಯಾಪ್ಟನ್. ಮೊನ್ನೆ ಧೈರ್ಯ ಮಾಡಿ ಹುಡುಗಿಯೊಬ್ಬಳಿಂದ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಅಲ್ಲಿನ ಬಂಡೆಯೊಂದರ ಅಂಚಿಗೆ ಹೋದೆ. ಕೇಳಿದೆ. ಅವಳು ಕಣ್ಣು ಮಿಟುಕಿಸದೆ “ಒರಗ್ರಿ” ಎಂದಳು. ನಾನು ಬಗ್ಗಿ ಗಂಟು ನೋಡಿದೆ. ಸರಿಯಾಗಿಯೇ ಇತ್ತು. ಆದರೂ ಮೈ ಹಿಂದಕ್ಕೆ ಹೋಗಲಿಲ್ಲ. ಸುಮ್ಮನೆ ಬಿಚ್ಚಿ, ನೀನು ಪಾಸು ಎಂದು ಹೇಳಿ ಬೆನ್ನು ತಟ್ಟಿದೆ. ಅವಳ ಮುಖ ಸಪ್ಪಗಾಯಿತು.

“ಯಾಕ್ರೀ ಅಕ್ಕೋರ, ನನ್ನ ಮ್ಯಾಲೆ ನಂಬಿಗಿ ಇಲ್ಲೇನ್ರಿ?”