ಹೊಟ್ಟೆಯೊಳಗೆ ಬಿಡಾರ ಹೂಡಿದವರು

ನಾನು ಹಳೇಬೀಡಿನಲ್ಲಿ ಗೈಡು. ಮಾತೇ ನನ್ನ ಬಂಡವಾಳ. ದೇವಸ್ಥಾನದ ಹೊರಗೋಡೆಯ ಆನೆಸಾಲಿನಿಂದ ಶುರುಮಾಡಿ, ಪ್ರವಾಸಿಗಳನ್ನು ಬಸ್ತಿಹಳ್ಳಿಯ ಬಸದಿಗೆ ಕರೆದೊಯ್ದು, ಅಲ್ಲಿನ ನುಣುಪಾದ ಕಂಬಗಳಲ್ಲಿ ಅವರ ಮುಖ ಅವರಿಗೇ ತೋರಿಸಿದರೆ ಒಂದು ಸುತ್ತು ಮುಗಿದಂತೆ. ಆ ಕಂಬಗಳ ಮುಂದೆ ಎಂಥ ಗಂಭೀರ ಮನುಷ್ಯನೂ ಒಮ್ಮೆ ತಲೆ ಬಾಚಿಕೊಳ್ಳುತ್ತಾನೆ. ಅದನ್ನು ನೋಡುವುದೇ ನನಗೆ ಖುಷಿ.

ದೊಡ್ಡ ಕರುಳಿಗೆ ಉರಿಯೂತ ಬಂದ ಮೇಲೆ ಕಂಬಗಳವರೆಗೆ ತಲುಪುವುದೇ ನನ್ನಿಂದ ಆಗಲಿಲ್ಲ. ಬೆಟ್ಟ ಎತ್ತಿ ನಿಂತ ದೇವರ ಶಿಲ್ಪದ ಹತ್ತಿರ ಬರುತ್ತಿದ್ದಂತೆ ಹೊಟ್ಟೆ ಹಿಂಡುತ್ತಿತ್ತು. "ಒಂದ್ನಿಮಿಷ, ನೋಡ್ತಾ ಇರಿ" ಎಂದು ಹೇಳಿ ಶೌಚಾಲಯದ ಕಡೆ ಓಟ. ದೇವರು ಪಾಪ, ಬೆಟ್ಟ ಎತ್ತಿಕೊಂಡೇ ಕಾಯುತ್ತಿದ್ದ; ಪ್ರವಾಸಿಗಳು ಮಾತ್ರ ಕಾಯುತ್ತಿರಲಿಲ್ಲ. ಬರಬರುತ್ತಾ ನನ್ನನ್ನು ಕರೆಯುವವರೇ ಕಡಿಮೆಯಾದರು. ಈ ಕೆಲಸ ಬಿಟ್ಟರೆ ನನಗೆ ಬೇರೆ ವಿದ್ಯೆ ಬರುವುದಿಲ್ಲ. ಮೇಲಕ್ಕೆ ಎಷ್ಟೇ ನಗೆಯಾಡಿದರೂ ಒಳಗೊಳಗೇ ತುಂಬಾ ಹೆದರಿದ್ದೆ.

ಅರಸೀಕೆರೆಯ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಹೊಟ್ಟೆ ತಣ್ಣಗಾಗುವವರೆಗೆ ಮುದ್ದೆ, ಹುರುಳಿ ಸಾರು, ಖಾರ ಬೇಡ ಎಂದರು. ಜೊತೆಗೊಂದು ಡಬ್ಬಿ ಕ್ಯಾಪ್ಸೂಲು. "ಇದರಲ್ಲಿ ಜೀವಂತ ಬ್ಯಾಕ್ಟೀರಿಯಾ ಇರ್ತವೆ, ಒಳ್ಳೆಯವು. ಎಲ್ಲರಿಗೂ ಒಗ್ಗುತ್ತೆ ಅಂತ ಹೇಳೋಕಾಗಲ್ಲ, ನೋಡೋಣ. ಮಾತ್ರೆ ಮಾತ್ರ ಬಿಡಬೇಡಿ."

ಇಷ್ಟನ್ನು ಕೇಳಿಕೊಂಡು ಬಂದು ಮನೆಯಲ್ಲಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ನಾವು ಜೈನರು. ಹೊತ್ತು ಮುಳುಗುವ ಮೊದಲೇ ಊಟ, ಗೆಡ್ಡೆಗೆಣಸು ಮುಟ್ಟುವಂತಿಲ್ಲ, ನೀರನ್ನು ಸೋಸಿಯೇ ಕುಡಿಯಬೇಕು. ಜೀವಗಳು ಹೆಚ್ಚಿರುತ್ತವೆಂದು ನಿನ್ನೆಯ ಮೊಸರನ್ನೂ ಬಡಿಸದವಳು ನಮ್ಮಜ್ಜಿ. ಅಂಥವಳ ಮುಂದೆ ಗೈಡಿನ ಗತ್ತಿನಲ್ಲಿ, "ಅಜ್ಜಿ, ಈ ಒಂದರಲ್ಲೇ ಕೋಟಿಗಟ್ಟಲೆ ಜೀವ ಐತೆ" ಎಂದುಬಿಟ್ಟೆ.

"ಕೋಟಿ ಜೀವ ನುಂಗ್ತೀಯೇನೋ, ಪಾಪಿ!"

ಡಬ್ಬಿ ಅವಳ ಬೀರು ಸೇರಿ ಬೀಗ ಬಿತ್ತು. ಎಸೆಯುವಂತೆಯೂ ಇರಲಿಲ್ಲ, ಎಸೆದರೆ ಅವು ಸಾಯುತ್ತವಲ್ಲ!

ಮುಂದಿನ ಸಲ ಅಜ್ಜಿ ತಾನೇ ಬಸ್ಸು ಹತ್ತಿ ನನ್ನೊಡನೆ ಅರಸೀಕೆರೆಗೆ ಬಂದಳು. ಡಾಕ್ಟರು ನನ್ನ ಹೊಟ್ಟೆ ಮುಟ್ಟುವ ಮೊದಲೇ ಕೇಳಿದಳು: "ಡಾಕ್ಟ್ರೇ, ನುಂಗಿದ ಮ್ಯಾಲೆ ಅವು ಸಾಯ್ತಾವೋ, ಬದುಕ್ತಾವೋ? ದಿಟ ಹೇಳಿ."

ಡಾಕ್ಟರು ನಗಲಿಲ್ಲ. "ಕೆಲವು ಸಾಯ್ತವೆ ಅಜ್ಜಿ, ಸುಳ್ಳು ಹೇಳಲ್ಲ. ಆದ್ರೆ ಒಳಗೆ ಬದುಕಿರಲಿ ಅಂತಲೇ ನಾವು ಕೊಡೋದು. ಅಲ್ಲಿ ಈಗಾಗಲೇ ಲೆಕ್ಕವಿಲ್ಲದಷ್ಟು ಇದಾವೆ. ನಿಮ್ಮ ಹೊಟ್ಟೇಲೂ."

ಅಜ್ಜಿ ತನ್ನ ಹೊಟ್ಟೆಯ ಕಡೆ ನೋಡಿಕೊಂಡು, ಸೆರಗು ಸರಿಮಾಡಿಕೊಂಡಳು. ವಾಪಸ್ಸು ಬರುವಾಗ ಬಸ್ಸು ಅರ್ಧ ದಾರಿ ಕಳೆದ ಮೇಲೆ ನನ್ನ ಮೊಣಕಾಲು ತಟ್ಟಿದಳು. "ಹಂಗಾದ್ರೆ ಇದು ಕೊಲ್ಲೋದಲ್ಲ ಕಣೋ. ಇರಾಕೆ ಜಾಗ ಕೊಡೋದು. ಅಭಯದಾನ."

ಬೀರುವಿನ ಬೀಗ ತೆರೆದು ಡಬ್ಬಿ ನನ್ನ ಕೈಗೆ ಬಂತು. ಅಂದಿನಿಂದ ನನ್ನ ಹೊಟ್ಟೆ ನನ್ನದಾಗಿ ಉಳಿಯಲಿಲ್ಲ, ಛತ್ರವಾಯಿತು. ಬಸ್‌ಸ್ಟ್ಯಾಂಡಿನಲ್ಲಿ ನಾನು ಮೆಣಸಿನಕಾಯಿ ಬಜ್ಜಿಗೆ ಕೈಹಾಕಿದ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿರುತ್ತಿತ್ತು. "ಒಳಗಿರೋರಿಗೆ ಖಾರ ಹತ್ತಲ್ವೇನೋ? ನಿನ್ನ ನಂಬ್ಕೊಂಡು ಬಂದವ್ರೆ!" ಎಂದು ಬೈಗುಳ. ಅವರ ಸತ್ಕಾರಕ್ಕೆಂದೇ ಮೆತ್ತಗಿನ ಅನ್ನ, ಹೆಸರುಬೇಳೆ ತೊವ್ವೆ, ಬೆಂದು ಕರಗಿದ ಸೋರೆಕಾಯಿ, ಅಂದಂದೇ ಹೆಪ್ಪು ಹಾಕಿದ ಮೊಸರು. ಮೊಸರನ್ನ ಉಣ್ಣದೆ ಎಂದೂ ಎದ್ದವಳಲ್ಲ ಅಜ್ಜಿ. ಈಗ ಮಾತ್ರ ಸಾರನ್ನಕ್ಕೇ ಕೈ ತೊಳೆಯುತ್ತಿದ್ದಳು. ಯಾಕೆಂದು ಕೇಳಿದರೆ, "ಸುಮ್ಕೆ ಉಣ್ಣೋ" ಎನ್ನುತ್ತಿದ್ದಳು. ನಾನೂ ಸುಮ್ಮನೆ ಉಂಡೆ. ವಯಸ್ಸಾಯಿತು, ಹಲ್ಲು ಜುಮ್ಮೆನ್ನುತ್ತಿರಬೇಕು ಎಂದುಕೊಂಡೆ.

ನಿಧಾನವಾಗಿ ಹೊಟ್ಟೆ ಹಿಡಿತಕ್ಕೆ ಬಂತು. ಮಾತ್ರೆಯೋ, ಪಥ್ಯವೋ, ಕ್ಯಾಪ್ಸೂಲೋ ಎಂದು ಕೇಳಿದರೆ ಡಾಕ್ಟರು, "ಯಾವುದನ್ನೂ ನಿಲ್ಲಿಸಬೇಡಿ" ಎಂದಷ್ಟೇ ಹೇಳಿ ಜಾರಿಕೊಂಡರು. ಕಾಯಿಲೆ ಹೋಯಿತೆಂದು ಅವರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಒಂದು ಮಧ್ಯಾಹ್ನ ಬಸ್ಸು ತುಂಬ ಬಂದ ನಿವೃತ್ತ ಮೇಷ್ಟ್ರುಗಳ ಗುಂಪನ್ನು ಆನೆಸಾಲಿನಿಂದ ಹೊರಡಿಸಿ, ಬೆಟ್ಟ ಎತ್ತಿದ ದೇವರನ್ನೂ ದಾಟಿ, ಅವರು ಕೇಳಿದ ಪ್ರಶ್ನೆಗಳನ್ನೆಲ್ಲ ದಾಟಿ, ಬಸದಿಗೆ ಬಂದುಬಿಟ್ಟೆ. ಕಂಬದಲ್ಲಿ ನನ್ನ ಮುಖ ಕಂಡಿತು. ಅವತ್ತು ಮೊದಲು ತಲೆ ಬಾಚಿಕೊಂಡವನು ನಾನೇ.

ಮನೆಗೆ ಬಂದಾಗ ಸಂಜೆಯ ಬಿಸಿಲು ಜಗಲಿಯ ಅಂಚಿಗೆ ಸರಿದಿತ್ತು. ಅಜ್ಜಿ ಊಟಕ್ಕೆ ಅಣಿಮಾಡುತ್ತಿದ್ದಳು.

"ಕಂಬದ ಗಂಟ ಹೋದ್ಯಾ? ಎಲ್ಲೂ ಓಡ್ಲಿಲ್ವಾ?"

"ಎಲ್ಲೂ ಓಡ್ಲಿಲ್ಲ ಅಜ್ಜಿ."

ಅವಳು ಒಳಗೆ ಹೋಗಿ ಮೊಸರಿನ ಪಾತ್ರೆ ತಂದು ನನ್ನ ಕೈಗಿತ್ತಳು. ತನ್ನ ತಟ್ಟೆಯ ಮುಂದೆ ಕುಳಿತಳು. "ನಂಗೂ ಇಕ್ಕು. ನೀನು ಕಂಬ ಮುಟ್ಟೋಗಂಟ ಮೊಸರು ಉಣ್ಣಲ್ಲ ಅಂತ ಬಸದೀಲಿ ನೇಮ ಹಿಡಿದಿದ್ದೆ."

ದಿನಾ ನನಗೆ ಹೆಪ್ಪು ಹಾಕಿದ ಕೈ ಅದು. ಸೌಟು ಹಿಡಿದು ಹಾಗೇ ನಿಂತೆ, ಕಣ್ಣು ಮಂಜಾಗಿತ್ತು.

ಅಜ್ಜಿ ಬಾಗಿಲಾಚೆ ಬಿಸಿಲನ್ನೊಮ್ಮೆ ನೋಡಿ ಗದರಿದಳು: "ಬಿರ್ರನೆ ಇಕ್ಕೋ, ಹೊತ್ತು ಮುಳುಗ್ತೈತೆ."