ಎಣ್ಣೆ ಒತ್ತಡದ ಕೆಂಪು ದೀಪ

ನಮ್ಮ ಕಾರಿನ ಸ್ಟೇರಿಂಗಿನ ಹಿಂದೆ ಎಣ್ಣೆ ಗಿಂಡಿಯ ಆಕಾರದ ಒಂದು ಕೆಂಪು ದೀಪವಿದೆ. ಗಾಡಿ ಚಾಲೂ ಆದೊಡನೆ ಆರಿಹೋಗಬೇಕಾದದ್ದು. ದೀಪಾವಳಿಯ ನಂತರ ಅದು ನಡುದಾರಿಯಲ್ಲಿ ಮಿನುಗತೊಡಗಿತು. ತಿರುವಿನಲ್ಲಿ ಹೊತ್ತುವುದು, ಮರುಗಳಿಗೆ ಆರುವುದು. ಹಂಪ್ ಹತ್ತಿಳಿದರೆ ಮತ್ತೆ.

ಕೈಪಿಡಿ ತೆಗೆದು ಓದಿದೆ. ದೀಪ ಹೊತ್ತಿದರೆ ಎಂಜಿನ್ನಿನೊಳಗೆ ಎಣ್ಣೆಯ ಒತ್ತಡ ಬಿದ್ದಿದೆ ಎಂದರ್ಥ, ಕೂಡಲೇ ಬಂದ್ ಮಾಡಿ, ಇಲ್ಲವಾದರೆ ಎಂಜಿನ್ ಕಚ್ಚಿಕೊಂಡು ನಿಂತುಬಿಡುತ್ತದೆ ಎಂದಿತ್ತು. ಒಲೆಯ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ಬಸ್ ಇಳಿದು ಮನೆಗೆ ಬಂದವನು ನಾನು. ನನಗೆ ಇಷ್ಟು ಓದಿದ್ದು ಸಾಕಾಯಿತು.

ಕಾರು ಓಡಿಸುವವಳು ನನ್ನ ಹೆಂಡತಿ. ಬಾಗೇವಾಡಿಯ ನಮ್ಮ ಮನೆಯಿಂದ ಮಸೂತಿಯ ಶಾಲೆಗೆ ದಿನಾ ಹೋಗಿ ಗಣಿತ ಕಲಿಸುತ್ತಾಳೆ. ಮೊಣಕಾಲಿನ ಆಪರೇಷನ್ ಆದಾಗಿನಿಂದ ಬಸ್ಸಿನ ಮೆಟ್ಟಿಲು ಆಕೆಗೆ ಆಗದು. ಈ ಹಳೆಯ ಎಂಜಿನ್ ಕೆಟ್ಟಿದ್ದರೆ ಕಾರು ಮೂಲೆಗೆ, ಆಕೆ ಸ್ವಯಂ ನಿವೃತ್ತಿಗೆ. ಎಲ್ಲವೂ ಆ ದೀಪ ನಿಜ ಹೇಳುತ್ತಿದೆಯೋ ಸುಳ್ಳೋ ಎಂಬುದರ ಮೇಲೆ ನಿಂತಿತ್ತು.

"ದೀಪಾ ಖರೇ ಹೇಳಾಕತ್ತಿದ್ರ ನೀ ನಡುದಾರ್ಯಾಗ ನಿಂತಬಿಡ್ತಿ," ಎಂದೆ.

"ನಿಮಗ ಹೆದರಾಕ ದೀಪಾನ ಬೇಕೇನ್ರಿ? ಅದಿಲ್ಲದನ ಹೆದರ್ತೀರಿ," ಎಂದಳು. ಆದರೂ ಸಂಜೆ ಅಂಜಿಕೆಯಿಂದಲೇ ಸಾವಕಾಶ ಓಡಿಸಿಕೊಂಡು ಗ್ಯಾರೇಜಿಗೆ ಬಂದಳು.

ಗ್ಯಾರೇಜಿನವನು ನನ್ನ ಬಾಲ್ಯದ ಗೆಳೆಯ. ಎಣ್ಣೆಯ ಮಟ್ಟ ನೋಡಿದ, ಸರಿಯಾಗಿತ್ತು. "ಸೆನ್ಸರ್ ಹೋಗೇತಿ, ಮುಗೀತ," ಎಂದು ಹೆಬ್ಬೆರಳಿನ ಗಾತ್ರದ ಆ ಒತ್ತಡದ ಸೆನ್ಸರನ್ನು ಬಿಚ್ಚಿ ಹೊಸದು ಕೂರಿಸಿದ. ಮರುದಿನ ಮೊದಲ ಹಂಪಿನಲ್ಲೇ ದೀಪ ಹೊತ್ತಿತು. ಮತ್ತೆ ಗ್ಯಾರೇಜಿಗೆ ಹೋದೆವು.

"ನಾನೂ ಅವಸರಾ ಮಾಡಿದ್ನಿ ಬಿಡು," ಎಂದ ಗೆಳೆಯ, ತಲೆ ಕೆರೆದುಕೊಂಡು. "ಈ ಸಲಾ ದೀಪಾನ್ನ ಕೇಳೂದು ಬ್ಯಾಡ. ಎಂಜಿನ್ನ ಕೇಳೂಣು."

ಸೆನ್ಸರ್ ತೆಗೆದು, ಅದೇ ತೂತಿಗೆ ಕೊಳವೆಯಿದ್ದ, ಒತ್ತಡ ಅಳೆಯುವ ಒಂದು ಗಡಿಯಾರದಂಥದ್ದನ್ನು ತಿರುಪಿದ. ಅದನ್ನು ನನ್ನ ಕೈಯಲ್ಲಿಟ್ಟು ಹೆಂಡತಿಗೆ ಗಾಡಿ ಚಾಲೂ ಮಾಡಲು ಹೇಳಿದ. ಮುಳ್ಳು ಸರಕ್ಕನೆ ಎದ್ದು ನಿಂತಿತು. ಎಂಜಿನ್ನಿನ ತಳದಲ್ಲಿರುವ ಎಣ್ಣೆಯನ್ನು ಪಂಪು ಮೇಲೆತ್ತಿ ಕೂದಲೂ ಹಿಡಿಸದ ಸಂದಿಗಳಿಗೆ ನುಗ್ಗಿಸುತ್ತದೆ, ತಿರುಗುವ ಕಬ್ಬಿಣ ನಿಂತ ಕಬ್ಬಿಣವನ್ನು ಮುಟ್ಟುವುದೇ ಇಲ್ಲ ಎಂದು ಅವನು ವಿವರಿಸಿದ. ಸಿಂದಗಿಯ ಮದುವೆಗಳಿಗೆ, ಇಂಡಿಗೆ ನಿಂಬೆಹಣ್ಣು ತರಲು, ಮುದ್ದೇಬಿಹಾಳದಲ್ಲಿ ತಂಗಿಯ ಬಾಣಂತನಕ್ಕೆ ನಾವು ಓಡಾಡಿದ್ದೆಲ್ಲ ಒಂದು ಎಣ್ಣೆಯ ಪೊರೆಯ ಮೇಲೆ. ನಾನು ಹಿಂದಿನ ಸೀಟಿನಲ್ಲಿ ಬೈಯುತ್ತ, ಬೈಸಿಕೊಳ್ಳುತ್ತ ಕೂತಿದ್ದಾಗಲೂ ಅದು ಯಾರಿಗೂ ಹೇಳದೆ ತನ್ನ ಕೆಲಸ ಮಾಡುತ್ತಿತ್ತು. ಅಂಗೈಯಲ್ಲಿ ಮುಳ್ಳು ಸಣ್ಣಗೆ ನಡುಗುತ್ತಿತ್ತು. ಮಲಗಿದ ಕೂಸಿನ ಎದೆಯ ಮೇಲೆ ಕೈಯಿಟ್ಟಂತೆ ನಾನು ಅಲುಗದೆ ನಿಂತೆ.

ಗೆಳೆಯ ಸೆನ್ಸರಿನ ವೈರಿನ ತುದಿಗೆ ಟೇಪು ಸುತ್ತಿ ಅದನ್ನು ಜೋಲು ಬಿಟ್ಟಿದ್ದ. "ಒತ್ತಡ ಬಿದ್ರ ಸೆನ್ಸರ್ ಈ ವೈರನ್ನ ಕಬ್ಬಿಣಕ್ಕ ಮುಟ್ಟಿಸಿ ದೀಪಾ ಹಚ್ಚತೈತಿ. ಈಗ ವೈರ್ ಎದಕ್ಕೂ ಹತ್ತಿಲ್ಲ. ದೀಪಾ ಹತ್ತಬಾರದು. ವೈನಿ, ಜರಾ ರೇಸ್ ಕೊಡ್ರಿ."

ಎಂಜಿನ್ ಮೈ ಕುಲುಕಿತು.

"ಹತ್ತೇತ್ರಿ," ಎಂದಳು ಒಳಗಿನಿಂದ.

ಮುಳ್ಳು ಕೆಳಗಿಳಿದಿರಲಿಲ್ಲ.

"ಎಂಜಿನ್ ಗಟ್ಟಿ ಐತಿ. ದೀಪಾ ಸುಳ್ಳ," ಎಂದ ಗೆಳೆಯ. ಗಾಡಿ ಬಂದ್ ಮಾಡಿಸಿ, ವೈರಿನ ಗುಂಟ ಬೆರಳಾಡಿಸುತ್ತ ಹೋದ. ಬೆರಳು ಒಂದು ಕಡೆ ನಿಂತಿತು. ಕೆಂಪು ದಾರ, ಅದರಲ್ಲಿ ಒಣಗಿದ ಬನ್ನಿಯ ಕಡ್ಡಿ.

"ಇದನ್ನ ಯಾರ ಕಟ್ಯಾರ?"

ಇನ್ಯಾರು? ದಸರೆಯಲ್ಲಿ ಹಿರಿಯರಿಗೆಲ್ಲ ಬನ್ನಿ ಕೊಟ್ಟ ಮೇಲೆ ಕಾರಿಗೂ ಕೊಟ್ಟಿದ್ದೆ. ಹೊರಗೆ ಕಟ್ಟಿದರೆ ಗಾಳಿಗೆ ಹಾರಿಹೋದೀತು, ಅಪಶಕುನವಾದೀತು ಎಂದು ಬಾನೆಟ್ ಎತ್ತಿ, ಕೈಗೆ ಸಿಕ್ಕ ವೈರಿಗೇ ಬಿಗಿದಿದ್ದೆ. ದಾರ ಆ ವೈರನ್ನು ಕಬ್ಬಿಣದ ಪಟ್ಟಿಯ ಅಂಚಿಗೆ ಎಳೆದು ಹಿಡಿದಿತ್ತು. ತಿಕ್ಕಿ ತಿಕ್ಕಿ ಮೇಲಿನ ಸಿಪ್ಪೆ ಸವೆದು, ಒಂದೆಳೆ ತಾಮ್ರ ಮಿಂಚುತ್ತಿತ್ತು. ಎಂಜಿನ್ ಕುಲುಕಿದಾಗಲೆಲ್ಲ ಅದು ಕಬ್ಬಿಣಕ್ಕೆ ತಾಗುತ್ತಿತ್ತು, ದೀಪ ಹೊತ್ತುತ್ತಿತ್ತು. ಎರಡು ವಾರ ನಮ್ಮ ಮನೆಯ ನಿದ್ದೆ ಕೆಡಿಸಿದ ಆ ಎಳೆಯನ್ನು ನೋಡಲು ನನಗೆ ಕನ್ನಡಕ ಹಾಕಿಕೊಳ್ಳಬೇಕಾಯಿತು.

"ಊರ ಮಂದಿ ಮುಂದಿನ ಜಾಳಿಗಿಗೆ ಕಟ್ತಾರ. ನೀ ಅದರ ಕುತ್ತಿಗೀಗೆ ಉರಲ ಹಾಕೀಯಲ್ಲೋ," ಎಂದ ಗೆಳೆಯ.

"ಎರಡ ಗಂಟ ಹಾಕ್ಯಾರ ನೋಡ್ರಿ ಅಣ್ಣಾ," ಎಂದಳು ಹೆಂಡತಿ. "ಒಂದ ಗಂಟಿನ ಮ್ಯಾಲ ಅವರಿಗೆ ವಿಶ್ವಾಸ ಇಲ್ಲ."

ವೈರಿಗೆ ಟೇಪು ಸುತ್ತಿ, ಪಟ್ಟಿಯಿಂದ ದೂರ ಸರಿಸಿ, ಸೆನ್ಸರ್ ಮತ್ತೆ ಕೂರಿಸಿದ್ದಾಯಿತು. ಆಕೆ ಇಂಗಳೇಶ್ವರದ ರಸ್ತೆಗೆ ಕಾರು ತಿರುಗಿಸಿದಳು. ಕೆಟ್ಟ ತಿರುವನ್ನೂ ಎತ್ತರದ ಹಂಪನ್ನೂ ಬೇಕೆಂದೇ ಜೋರಾಗಿ ದಾಟಿದಳು. ನನ್ನ ತಲೆ ಕಾರಿನ ಛಾವಣಿಗೆ ತಾಗಿತು. ದೀಪ ಹೊತ್ತಲಿಲ್ಲ. ಆಕೆ ದೀಪವನ್ನು ನೋಡುವುದನ್ನೇ ಬಿಟ್ಟಿದ್ದಳು.

"ನಾಳೆ ಏಳನೇ ಕ್ಲಾಸಿನ ಹುಡುಗೂರಿಗೆ ಭಿನ್ನರಾಶಿ ಚಾಲೂ ಮಾಡಬೇಕ್ರಿ," ಎಂದಳು, ಗೇರು ಬದಲಿಸುತ್ತ.